ಸಿನ್ಸಿನ್ನಾಟಿಯ ಪೌರಸಭೆಯೂ ಮತಗಣನೆಯ ಕ್ರಮವೂ

ಅನ್ನವು ಬೆಂದಿರುವುದೋ ಇಲ್ಲವೋ ಎಂಬುದನ್ನು ತಿಳಿಯಲು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಸುಕಿ ನೋಡಬೇಕಾಗಿಲ್ಲ; ಒಂದು ಅಗುಳನ್ನು ನೋಡಿದರೆ ಸಾಕು. ಇದನ್ನೇ ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಕರೆದಿರುವರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಗರಗಳಲ್ಲಿ ಪೌರಸಭೆಗಳು ಹೇಗೆ ಆರಿಸಲ್ಪಡುತ್ತವೆ, ಜನರು ಯಾವ ಯಾವ ಭಾವದಿಂದ ಮತವನ್ನು ಹಾಕುತ್ತಾರೆ, ಮತವನ್ನು ಎಣಿಸುವ ಕ್ರಮವು ಬದಲಾದರೆ ಅಧಿಕಾರವು ಹೇಗೆ ಕೈ ಬದಲಾಯಿಸುವುದು ಎಂಬ ವಿಷಯಗಳನ್ನು ಅರಿಯಲಿಚ್ಛಿಸುವವರಿಗೆ ಓಹಾಯೋ ಸಂಸ್ಥಾನದ ಸಿನ್ಸಿನ್ನಾಟಿ ನಗರವು ಅಂತಹ ಒಂದು ಅಗುಳಾಗಿರುವುದು.

ಈ ನಗರವು ಓಹಾಯೋ ನದಿಯ ಉತ್ತರ ದಡದಲ್ಲಿದೆ. 1788ರಲ್ಲಿ ಇಲ್ಲಿ ಮೊದಲು ಜನರು ನೆಲೆಸಿದರು. 1790ರಲ್ಲಿ ಊರಿಗೆ ಈಗಿನ ಹೆಸರು ಬಂದಿತು. ಈ ಹೆಸರಿನ ಮೂಲವನ್ನು ಹುಡುಕಿದರೆ ಪ್ರಾಚೀನ ರೋಮಿನ ಸಿನ್ಸಿನ್ನೇಟಸನು ದೊರೆಯುವನು. ರಾಜ್ಯಕ್ಕೆ ಆಪತ್ತು ಬಂದಾಗ ನೇಗಿಲನ್ನು ಬಿಟ್ಟು ಸರ್ವಾಧಿಕಾರವನ್ನು ವಹಿಸಿ, ಕಾರ್ಯವು ಮುಗಿದೊಡನೆ ಅಧಿಕಾರವನ್ನು ತ್ಯಜಿಸಿ ಮರಳಿ ಹೊಲಕ್ಕೆ ಹೋದವನೆಂದು ಆತನು ಪ್ರಸಿದ್ಧನು. ಆತನ ಹೆಸರಿನಲ್ಲಿ ಸ್ವಾತಂತ್ರ್ಯಯುದ್ಧದ ಸೇನಾಧಿಕಾರಿಗಳು ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಆ ಸಂಘದ ಹೆಸರೇ ನಗರಕ್ಕೆ ಬಂದಿತು. ಅಧಿಕಾರವನ್ನು ಹಿಡಿದು ಬಿಡಬಲ್ಲವನ ಹೆಸರನ್ನು ಹೊತ್ತ ಈ ನಗರದಲ್ಲಿ, ಹಿಡಿದ ಅಧಿಕಾರವನ್ನು ಬಿಡಲೊಲ್ಲದವರ ಕಥೆಯೇ ಬಹುಕಾಲ ನಡೆದುದು ವಿಧಿಯ ವಿನೋದವೆನ್ನಬೇಕು.

ನಗರದ ಭೂಸ್ವರೂಪವನ್ನು ತಿಳಿಯದೆ ಅದರ ಮತದಾನವನ್ನು ತಿಳಿಯಲಾಗದು. ನದಿಯ ಬದಿಯಲ್ಲಿ ತಗ್ಗಾದ ಬಟ್ಟಲಿನಂತಹ ಪ್ರದೇಶ, ಸುತ್ತಲೂ ಗುಡ್ಡಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ ವಲಸೆ ಬಂದವರು ತಗ್ಗಿನಲ್ಲಿದ್ದ ಕಾಲುವೆಯ ಆಚೆಗೆ ಗುಂಪುಗುಂಪಾಗಿ ನೆಲೆಸಿದರು. ಆ ಕಾಲುವೆಗೆ ತಮ್ಮ ದೇಶದ ರೈನ್ ನದಿಯ ಹೆಸರನ್ನೇ ವಿನೋದವಾಗಿ ಇಟ್ಟುಕೊಂಡುದರಿಂದ ಆ ಕೇರಿಗೆ 'ರೈನಿನಾಚೆ' ಎಂಬರ್ಥದ ಹೆಸರು ನಿಂತಿತು. ಅನುಕೂಲಸ್ಥರಾದವರು ಕ್ರಮೇಣ ಗುಡ್ಡಗಳ ಮೇಲೆ ಮನೆಗಳನ್ನು ಕಟ್ಟಿಕೊಂಡರು. ನದಿಯ ಆಚೆಯ ದಡದ ಕೆಂಟಕಿಯು ಗುಲಾಮಗಿರಿ ನಡೆಯುತ್ತಿದ್ದ ಸಂಸ್ಥಾನ. ಆದುದರಿಂದ ಸ್ವಾತಂತ್ರ್ಯವನ್ನು ಬಯಸಿದ ಕೃಷ್ಣವರ್ಣೀಯರಿಗೆ ಈ ನದಿಯನ್ನು ದಾಟುವುದೇ ಮೋಕ್ಷದ ಮೊದಲ ಮೆಟ್ಟಿಲಾಗಿದ್ದಿತು. ಅವರ ಸಂತತಿಯವರೂ ದಕ್ಷಿಣದಿಂದ ಬಳಿಕ ಬಂದವರೂ ತಗ್ಗಿನ ಪಶ್ಚಿಮ ಭಾಗವಾದ ವೆಸ್ಟ್ ಎಂಡಿನಲ್ಲಿ ನೆಲೆಸಿದರು. ಹೀಗೆ ಕುಲ, ಮತ, ವರ್ಣ, ಸಿರಿತನ ಇವೆಲ್ಲವೂ ಊರಿನ ನೆಲದ ಮೇಲೆಯೇ ರೇಖೆಗಳನ್ನು ಎಳೆದಿದ್ದುವು.

1884ರ ಮಾರ್ಚ್ ತಿಂಗಳಲ್ಲಿ ಒಂದು ಕೊಲೆಯ ಮೊಕದ್ದಮೆಯಲ್ಲಿ ಅಪರಾಧಿಗೆ ಲಘುವಾದ ಶಿಕ್ಷೆಯಾಯಿತೆಂದು ಜನರು ರೊಚ್ಚಿಗೆದ್ದು ನ್ಯಾಯಾಲಯವನ್ನೇ ಸುಟ್ಟುಹಾಕಿದರು. ಆ ದೊಂಬಿಯಲ್ಲಿ ಸತ್ತವರು 50ಕ್ಕೂ ಹೆಚ್ಚು. ಇಂತಹ ಅವ್ಯವಸ್ಥೆಯ ತರುವಾಯ ಜನರು ಯಾರಾದರೂ ಒಬ್ಬರು ಊರನ್ನು ಹಿಡಿತದಲ್ಲಿಟ್ಟುಕೊಂಡರೆ ಸಾಕೆಂದು ಬಯಸುವುದು ಸಹಜ. ಹಾಗೆ ಹಿಡಿದವನು ಜಾರ್ಜ್ ಕಾಕ್ಸ್. ಮದ್ಯದಂಗಡಿಯ ಒಡೆಯನಾಗಿದ್ದ ಈತನು ಪೌರಸಭೆಯ ಸದಸ್ಯನಾಗಿ, ಬಳಿಕ ರಿಪಬ್ಲಿಕನ್ ಪಕ್ಷದ ಸ್ಥಳೀಯ ನಾಯಕನಾಗಿ, ಸುಮಾರು ಕಾಲು ಶತಮಾನದ ಕಾಲ ನಗರದ ಮುಕುಟವಿಲ್ಲದ ಅರಸನಾಗಿದ್ದನು. ಆತನ ರಾಜ್ಯಭಾರದ ಗುಟ್ಟು ಅತಿ ಸರಳ. ಪ್ರತಿಯೊಂದು ವಾರ್ಡಿಗೂ ಪಕ್ಷದ ಒಬ್ಬ ಮುಖಂಡ. ಅವನ ಕೈಕೆಳಗೆ ಬೀದಿಬೀದಿಗೂ ಆಳುಗಳು. ಮತ ತಂದುಕೊಟ್ಟವನಿಗೆ ನಗರದ ನೌಕರಿ; ತರಲಾರದವನಿಗೆ ವಿಶ್ರಾಂತಿ. ಲಿಂಕನ್ ಸ್ಟೆಫೆನ್ಸ್ ಎಂಬ ಪತ್ರಕರ್ತನು 1905ರಲ್ಲಿ ಓಹಾಯೋದ ಎರಡು ನಗರಗಳನ್ನು ಹೋಲಿಸಿ ಬರೆಯುತ್ತ, ದೇಶದಲ್ಲಿ ಅತ್ಯುತ್ತಮ ಆಡಳಿತವುಳ್ಳುದು ಕ್ಲೀವ್‌ಲೆಂಡ್, ಅತ್ಯಧಮ ಆಡಳಿತವುಳ್ಳುದು ಸಿನ್ಸಿನ್ನಾಟಿ ಎಂದು ತೀರ್ಮಾನಿಸಿದನು. 1916ರಲ್ಲಿ ಕಾಕ್ಸನು ತೀರಿಕೊಂಡನು, ಯಂತ್ರವು ನಿಲ್ಲಲಿಲ್ಲ. ಆತನ ಉತ್ತರಾಧಿಕಾರಿಯಾದ ರಡ್ ಹೈನಿಕಾ ಎಂಬವನು ಹೆಚ್ಚಿನ ಕಾಲವನ್ನು ನ್ಯೂಯಾರ್ಕಿನಲ್ಲಿ ನಾಟಕಶಾಲೆಗಳ ವ್ಯಾಪಾರದಲ್ಲಿ ಕಳೆಯುತ್ತಲೇ ದೂರದಿಂದ ಊರನ್ನು ಆಳಿದನು.

ಈ ಯಂತ್ರಕ್ಕೆ ಚುನಾವಣೆಯ ನಿಯಮವೇ ಎಣ್ಣೆಯಾಗಿದ್ದಿತು. ಪೌರಸಭೆಯ 32 ಸದಸ್ಯರಲ್ಲಿ 26 ಮಂದಿ ಒಂದೊಂದು ವಾರ್ಡಿನಿಂದ, 6 ಮಂದಿ ಇಡೀ ನಗರದಿಂದ ಆರಿಸಲ್ಪಡುತ್ತಿದ್ದರು. ವಾರ್ಡಿನಲ್ಲಿ ಹೆಚ್ಚು ಮತ ಪಡೆದವನೊಬ್ಬನೇ ಗೆಲ್ಲುವನು. ಸೋತವನಿಗೆ ಹಾಕಿದ ಮತವು ಹೊಳೆಯಲ್ಲಿ ಹುಣಿಸೆಹಣ್ಣನ್ನು ಕಿವುಚಿದಂತೆ. ಒಂದು ಪಕ್ಷವು ವಾರ್ಡುವಾರ್ಡಿನಲ್ಲಿಯೂ ತುಸು ಮುಂದಿದ್ದರೆ ಸಾಕು, ಸಭೆಯೆಲ್ಲವೂ ಅದರದೇ. 1920ರ ದಶಕದ ಆದಿಯಲ್ಲಿ 32 ಸ್ಥಾನಗಳಲ್ಲಿ 31 ರಿಪಬ್ಲಿಕನ್ನರವಾಗಿದ್ದುವು. ಮತಪತ್ರದ ಮೇಲೆ ರಿಪಬ್ಲಿಕನ್ ಪಕ್ಷಕ್ಕೆ ಗರುಡನ ಚಿತ್ರ, ಡೆಮಾಕ್ರಾಟಿಕ್ ಪಕ್ಷಕ್ಕೆ ಹುಂಜದ ಚಿತ್ರ ಇರುತ್ತಿದ್ದುವು. ಅಭ್ಯರ್ಥಿಯ ಯೋಗ್ಯತೆಯನ್ನು ವಿಚಾರಿಸುವ ಶ್ರಮವೇ ಇಲ್ಲದೆ ಹಕ್ಕಿಯ ಮೇಲೆ ಗುರುತು ಹಾಕಿ ಮನೆಗೆ ಹೋಗಬಹುದಾಗಿದ್ದಿತು. ಇದರಿಂದ ಬೇಸತ್ತ ಕೆಲವು ನಾಗರಿಕರು 'ಹಕ್ಕಿಯಿಲ್ಲದ ಮತಪತ್ರದ ಸಂಘ' ಎಂಬುದನ್ನೇ ಸ್ಥಾಪಿಸಿಕೊಂಡರೆಂದರೆ ವಾಚಕರು ನಗಬಾರದು. ಮುಂದಿನ ಮಹತ್ಕಾರ್ಯಕ್ಕೆ ಅದೇ ಬೀಜವಾಯಿತು.

1923ರಲ್ಲಿ ನಗರದ ಬೊಕ್ಕಸವು ಬರಿದಾಗಿದ್ದಿತು, ಬೀದಿಗಳು ಹಾಳಾಗಿದ್ದುವು, ದಿನದಿನದ ಖರ್ಚಿಗೂ ಸಾಲವೇ ಗತಿಯಾಗಿದ್ದಿತು. ಆಡಳಿತದವರು ಹೆಚ್ಚಿನ ತೆರಿಗೆಯನ್ನು ಕೇಳಿದರು. ಆಗ ಮರ್ರೆ ಸೀಸನ್‌ಗುಡ್ ಎಂಬ ವಕೀಲನು, ತಾನೂ ರಿಪಬ್ಲಿಕನ್ನನೇ ಆಗಿದ್ದರೂ, ಅಕ್ಟೋಬರ್ ತಿಂಗಳ ಒಂದು ಸಭೆಯಲ್ಲಿ ಎದ್ದುನಿಂತು, ಕೊರತೆಯಿರುವುದು ಹಣಕ್ಕಲ್ಲ, ಪ್ರಾಮಾಣಿಕತೆಗೆ ಎಂಬ ಅಭಿಪ್ರಾಯದಿಂದ ಪಕ್ಷದ ಕೂಟವನ್ನು ಖಂಡಿಸಿದನು. ತೆರಿಗೆಯ ಸೂಚನೆಯು ಮತದಾನದಲ್ಲಿ ಬಿದ್ದುಹೋಯಿತು. ಮರುವರ್ಷ 'ಚಾರ್ಟರ್ ಸಮಿತಿ' ಎಂಬ ಸಂಸ್ಥೆಯು ಏರ್ಪಟ್ಟು ನಗರದ ಸನ್ನದನ್ನೇ ತಿದ್ದುವ ಸೂಚನೆಯನ್ನು ಜನರ ಮುಂದಿಟ್ಟಿತು. 1924ರ ನವೆಂಬರಿನಲ್ಲಿ ವಿರೋಧಕ್ಕಿಂತ ಎರಡು ಪಾಲಿಗೂ ಮಿಕ್ಕ ಮತಗಳಿಂದ ಅದು ಅಂಗೀಕೃತವಾಯಿತು.

ಹೊಸ ಸನ್ನದಿನಲ್ಲಿ ಮೂರು ಅಂಶಗಳು ಮುಖ್ಯವಾದುವು. ಮೊದಲನೆಯದು, 32 ಮಂದಿಯ ಸಭೆಗೆ ಬದಲಾಗಿ 9 ಮಂದಿಯ ಸಣ್ಣ ಸಭೆ. ಮೇಯರನ್ನು ಆ 9 ಮಂದಿಯೇ ತಮ್ಮೊಳಗಿನಿಂದ ಆರಿಸಿಕೊಳ್ಳುವರು. ಎರಡನೆಯದು, ದಿನನಿತ್ಯದ ಆಡಳಿತವನ್ನು ಪಕ್ಷದ ಆಳಿಗಲ್ಲದೆ ವೃತ್ತಿನಿಪುಣನಾದ ಒಬ್ಬ ಮ್ಯಾನೇಜರಿಗೆ ಒಪ್ಪಿಸುವುದು. ಮೂರನೆಯದೇ ಈ ಲೇಖನಕ್ಕೆ ಪ್ರಧಾನವಾದುದು: ಏಕ ವರ್ಗಾವಣೀಯ ಮತದ ಮೂಲಕ ಪ್ರಮಾಣಾನುಗುಣ ಪ್ರಾತಿನಿಧ್ಯ. ಹೆಸರು ವ್ಯಾಕರಣಸೂತ್ರದಂತೆ ಭಯವನ್ನು ಹುಟ್ಟಿಸಿದರೂ ತತ್ತ್ವವು ಸುಲಭವಾದುದೇ. ನಮ್ಮ ರಾಜ್ಯಸಭೆಗೆ ವಿಧಾನಸಭೆಯ ಸದಸ್ಯರು ಮತ ಹಾಕುವುದೂ ಇದೇ ಕ್ರಮದಿಂದ. ಸಿನ್ಸಿನ್ನಾಟಿಯಲ್ಲಿ ಅದನ್ನು ಸಾಮಾನ್ಯ ಜನರ ಕೈಗೇ ಕೊಟ್ಟರು.

ಮತದಾರನು ಅಭ್ಯರ್ಥಿಗಳ ಹೆಸರಿನ ಮುಂದೆ ತನ್ನ ಮೆಚ್ಚಿಕೆಯ ಕ್ರಮದಲ್ಲಿ 1, 2, 3 ಎಂದು ಅಂಕೆಗಳನ್ನು ಬರೆಯುವನು. ಪತ್ರದ ಮೇಲೆ ಗರುಡನೂ ಇಲ್ಲ, ಹುಂಜವೂ ಇಲ್ಲ. ಒಬ್ಬನು ಆಯ್ಕೆಯಾಗಲು ಬೇಕಾದ ಮತಸಂಖ್ಯೆಯನ್ನು ಹೀಗೆ ಗೊತ್ತುಮಾಡುವರು: ಬಂದ ಮತಗಳನ್ನು ಸ್ಥಾನಗಳಿಗಿಂತ ಒಂದು ಹೆಚ್ಚಾದ ಸಂಖ್ಯೆಯಿಂದ ಭಾಗಿಸಿ, ಬಂದ ಲಬ್ಧಕ್ಕೆ ಒಂದನ್ನು ಕೂಡಿಸುವುದು. ಉದಾಹರಣೆಗೆ 1,20,000 ಮತಗಳು ಬಿದ್ದಿದ್ದು ಸ್ಥಾನಗಳು 9 ಆಗಿದ್ದರೆ, 10ರಿಂದ ಭಾಗಿಸಲು 12,000. ಒಂದು ಕೂಡಿಸಲು 12,001. ಇಷ್ಟು ಮತಗಳನ್ನು 9 ಮಂದಿ ಪಡೆಯಬಹುದಲ್ಲದೆ 10 ಮಂದಿ ಪಡೆಯಲಾರರು. ಯಾರಿಗಾದರೂ ಇದಕ್ಕಿಂತ ಹೆಚ್ಚು ಬಂದರೆ ಮಿಕ್ಕುದು ವ್ಯರ್ಥವಾಗದೆ ಆ ಪತ್ರಗಳಲ್ಲಿ ಸೂಚಿಸಿದ ಮುಂದಿನ ಹೆಸರಿಗೆ ಹೋಗುವುದು. ಯಾವ ಪತ್ರಗಳನ್ನು ಮಿಗತೆಯೆಂದು ತೆಗೆಯಬೇಕೆಂಬ ಪ್ರಶ್ನೆಗೆ ಇಷ್ಟಿಷ್ಟು ಪತ್ರಗಳಿಗೊಂದರಂತೆ ಸಮಾನಾಂತರದಲ್ಲಿ ಆರಿಸುವ ಉಪಾಯವನ್ನು ಕಂಡುಕೊಂಡರು. ಅದಕ್ಕೆ ಇಂದಿಗೂ ಸಿನ್ಸಿನ್ನಾಟಿ ಕ್ರಮವೆಂದೇ ಹೆಸರು. ಕಡೆಯ ಸ್ಥಾನದಲ್ಲಿರುವವನನ್ನು ತೆಗೆದು ಅವನ ಮತಗಳನ್ನೂ ಹಾಗೆಯೇ ಹಂಚುವರು. ಹೀಗೆ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚಿರುವ ಯಾವ ಜನಸಮೂಹವೂ ಮನಸ್ಸು ಮಾಡಿದರೆ ತನ್ನವನೊಬ್ಬನನ್ನು ಸಭೆಗೆ ಕಳುಹಿಸಬಲ್ಲುದು. ಹೆಚ್ಚು ಮಂದಿಯಿರುವ ಪಕ್ಷಕ್ಕೆ ಹೆಚ್ಚು ಸ್ಥಾನ, ಆದರೆ ಎಲ್ಲ ಸ್ಥಾನಗಳೂ ಅಲ್ಲ.

1925ರ ಮೊದಲ ಚುನಾವಣೆಯಲ್ಲಿ ಚಾರ್ಟರ್ ಸಮಿತಿಯವರಿಗೆ 6, ರಿಪಬ್ಲಿಕನ್ನರಿಗೆ 3 ಸ್ಥಾನಗಳು ಬಂದುವು. ಸೀಸನ್‌ಗುಡ್ ಮೇಯರಾದನು; ವಾಷಿಂಗ್‌ಟನ್ನಿನಿಂದ ಬಂದ ಕರ್ನಲ್ ಷೆರಿಲ್ ಮೊದಲ ಮ್ಯಾನೇಜರಾದನು. ಅತ್ಯಧಮವೆನಿಸಿಕೊಂಡಿದ್ದ ನಗರವು ಕೆಲವೇ ವರ್ಷಗಳಲ್ಲಿ ಉತ್ತಮ ಆಡಳಿತಕ್ಕೆ ನಿದರ್ಶನವೆಂದು ದೇಶದಲ್ಲೆಲ್ಲ ಹೇಳಲ್ಪಡುವಂತಾಯಿತು. 1925ರಿಂದ 1955ರವರೆಗೆ ಎರಡು ವರ್ಷಗಳಿಗೊಮ್ಮೆಯಂತೆ 16 ಚುನಾವಣೆಗಳು ಈ ಕ್ರಮದಲ್ಲಿ ನಡೆದುವು. ರಿಪಬ್ಲಿಕನ್ನರೂ ಚಾರ್ಟರಿನವರೂ ಸಮಸಮವಾಗಿ ತೂಗಿದುದೂ ಉಂಟು. 1935ರಲ್ಲಿ ಇಬ್ಬರಿಗೂ ನಾಲ್ಕು ನಾಲ್ಕು ಸ್ಥಾನಗಳು ಬಂದು, ಹರ್ಬರ್ಟ್ ಬಿಗೆಲೋ ಎಂಬ ಸ್ವತಂತ್ರನಾದ ಪಾದ್ರಿಯ ಒಂದು ಮತವೇ ತಕ್ಕಡಿಯ ಮುಳ್ಳಾಯಿತು.

ಈ ಮತಪತ್ರಗಳು ಊರಿನ ಅಂತರಂಗವನ್ನು ಕನ್ನಡಿಯಂತೆ ತೋರಿಸಿದುವು. ತಗ್ಗಿನವರ ಮೊದಲ ಮೆಚ್ಚಿಕೆಯೇ ಬೇರೆ, ಗುಡ್ಡದವರದೇ ಬೇರೆ. ಕ್ಯಾಥೊಲಿಕ್ಕರು, ಯೆಹೂದ್ಯರು, ಕಾರ್ಮಿಕ ಸಂಘದವರು ತಮ್ಮ ತಮ್ಮವರಿಗೆ ಮೊದಲ ಅಂಕೆಯನ್ನು ಕೊಟ್ಟು ಉಳಿದುವನ್ನು ಇತರರಿಗೆ ಹಂಚುತ್ತಿದ್ದರು. ಕೃಷ್ಣವರ್ಣೀಯರ ವಿಷಯವು ವಿಶೇಷವಾಗಿ ಗಮನಾರ್ಹವಾದುದು. ಲಿಂಕನನ ಪಕ್ಷವೆಂಬ ಕೃತಜ್ಞತೆಯಿಂದ ಅವರು ತಲೆಮಾರುಗಳಿಂದ ರಿಪಬ್ಲಿಕನ್ನರಿಗೆ ಮತ ಹಾಕುತ್ತಿದ್ದರು. ಆದರೆ ವಾರ್ಡುಗಳ ಕಾಲದಲ್ಲಿ ಅವರಿಗೆ ದೊರೆತುದು ಸಣ್ಣಪುಟ್ಟ ನೌಕರಿಗಳೇ ಹೊರತು ಸಭೆಯ ಪೀಠವಲ್ಲ. 1930ರ ಸುಮಾರಿಗೆ ಅವರು ನಗರದ ಜನಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲಾಗಿದ್ದರು. 1931ರಲ್ಲಿ ಫ್ರಾಂಕ್ ಹಾಲ್ ಎಂಬವನು ಅವರಲ್ಲಿ ಮೊದಲಿಗನಾಗಿ ಪೌರಸಭೆಗೆ ಆಯ್ಕೆಯಾದನು. ಬಳಿಕ ಜೆಸ್ಸಿ ಲಾಕರ್ 1940ರ ದಶಕದಲ್ಲೆಲ್ಲ ಸದಸ್ಯನಾಗಿದ್ದು 1953ರಲ್ಲಿ ಲೈಬೀರಿಯಾ ದೇಶಕ್ಕೆ ಅಮೆರಿಕಾದ ರಾಯಭಾರಿಯಾಗಿ ಹೋದನು. 1949ರಲ್ಲಿ ಚಾರ್ಟರಿನ ಪಕ್ಷದಿಂದ ಥಿಯೊಡೋರ್ ಬೆರ್ರಿ ಎಂಬ ವಕೀಲನು ಬಂದನು. ಒಂದು ಜನಾಂಗದ ಮತಕ್ಕಾಗಿ ಎರಡು ಪಕ್ಷಗಳೂ ಯೋಗ್ಯರನ್ನು ಹುಡುಕಿ ನಿಲ್ಲಿಸಬೇಕಾದುದು ಈ ಕ್ರಮದ ಫಲವೇ ಸರಿ.

ಈ ಕ್ರಮಕ್ಕೆ ದೋಷಗಳಿರಲಿಲ್ಲವೆಂದು ಹೇಳಲಾಗದು. ಎಣಿಕೆಯು ಒಂದೆರಡು ದಿನಗಳಲ್ಲಿ ಮುಗಿಯುತ್ತಿರಲಿಲ್ಲ. ಮಿಗತೆಯ ಹಂಚಿಕೆಯ ಮರ್ಮವು ಸಾಮಾನ್ಯನಿಗೆ ಬೇಗನೆ ತಿಳಿಯುತ್ತಿರಲಿಲ್ಲ; ತಿಳಿಯದುದರಲ್ಲಿ ಸಂಶಯವು ಹುಟ್ಟುವುದು ಲೋಕಸ್ವಭಾವ. ಇದು ಜನರನ್ನು ಕುಲಮತಗಳಾಗಿ ಒಡೆಯುವುದೆಂಬುದು ವಿರೋಧಿಗಳ ಮುಖ್ಯ ಆಕ್ಷೇಪವಾಗಿದ್ದಿತು. ಕನ್ನಡಿಯು ಮುಖದ ಕಲೆಯನ್ನು ತೋರಿಸುವುದೇ ಹೊರತು ಹುಟ್ಟಿಸುವುದಿಲ್ಲವೆಂಬುದು ಅದಕ್ಕೆ ಸಮಾಧಾನ. ಆದರೂ ಕಲೆಯುಳ್ಳವನು ಕನ್ನಡಿಯನ್ನು ಒಡೆಯಲು ಹೋಗುವುದುಂಟು. 1936, 1939, 1947, 1954 ಎಂಬ ನಾಲ್ಕು ವರ್ಷಗಳಲ್ಲಿ ಈ ಕ್ರಮವನ್ನು ರದ್ದುಗೊಳಿಸುವ ಸೂಚನೆಯು ಜನರ ಮುಂದೆ ಬಂದಿತು. ನಾಲ್ಕು ಬಾರಿಯೂ ಸೋತಿತು.

ಅಷ್ಟರಲ್ಲಿ ಇತರ ನಗರಗಳಲ್ಲಿ ಗಾಳಿಯು ಬೇರೆ ದಿಕ್ಕಿಗೆ ಬೀಸತೊಡಗಿದ್ದಿತು. 1915ರಲ್ಲಿ ಓಹಾಯೋದ ಆಷ್ಟಬ್ಯೂಲದಿಂದ ಮೊದಲಾಗಿ ಹಲವು ಊರುಗಳು ಈ ಕ್ರಮವನ್ನು ಹಿಡಿದಿದ್ದುವು, ಒಂದೊಂದಾಗಿ ಬಿಟ್ಟುವು. ಕ್ಲೀವ್‌ಲೆಂಡ್ 1931ರಲ್ಲಿಯೇ ಬಿಟ್ಟಿತು. ನ್ಯೂಯಾರ್ಕ್ ಮಹಾನಗರವು 1936ರಲ್ಲಿ ಅಂಗೀಕರಿಸಿ 1937ರಿಂದ ಐದು ಚುನಾವಣೆಗಳನ್ನು ನಡೆಸಿತು. ಅಲ್ಲಿ ಇಬ್ಬರು ಕಮ್ಯೂನಿಸ್ಟರು ಆಯ್ಕೆಯಾದುದನ್ನೇ ಮುಂದೊಡ್ಡಿ, ಆ ಭಯದ ಕಾಲದಲ್ಲಿ, 1947ರಲ್ಲಿ ಕ್ರಮವನ್ನೇ ತೆಗೆದುಹಾಕಿದರು. ನ್ಯೂಯಾರ್ಕಿನಲ್ಲಿ ಭಯದ ಬಣ್ಣವು ಕೆಂಪಾಗಿದ್ದರೆ ಸಿನ್ಸಿನ್ನಾಟಿಯಲ್ಲಿ ಅದು ಕಪ್ಪಾಯಿತು.

1955ರ ಚುನಾವಣೆಯಲ್ಲಿ ಚಾರ್ಟರಿನವರಿಗೆ 9ರಲ್ಲಿ 5 ಸ್ಥಾನಗಳು ದೊರೆತುವು. ಅಮೆರಿಕಾದ ಅಧ್ಯಕ್ಷನಾಗಿದ್ದ ವಿಲಿಯಂ ಟ್ಯಾಫ್ಟನ ಮಗನಾದ ಚಾರ್ಲ್ಸ್ ಟ್ಯಾಫ್ಟನು ಮೇಯರಾದನು, ಬೆರ್ರಿಯು ಉಪಮೇಯರಾದನು. ಸಭೆಯೇ ಮೇಯರನ್ನು ಆರಿಸುವ ಪದ್ಧತಿಯಿದ್ದುದರಿಂದ ಮುಂದೊಂದು ದಿನ ಬೆರ್ರಿಯೇ ಮೇಯರಾಗಬಹುದೆಂಬುದು ಸ್ಪಷ್ಟವಾಯಿತು. ಅದೇ ಕಾಲದಲ್ಲಿ ವೆಸ್ಟ್ ಎಂಡಿನ ಹಳೆಯ ಮನೆಗಳನ್ನು ಕೆಡವಿ ಹೆದ್ದಾರಿಯನ್ನೂ ಕೈಗಾರಿಕೆಗಳನ್ನೂ ಸ್ಥಾಪಿಸುವ ಯೋಜನೆಗಳು ನಡೆದಿದ್ದುವು. ಮನೆ ಕಳೆದುಕೊಂಡವರು ತಮ್ಮ ಗುಡ್ಡಗಳಿಗೆ ಬರುವರೆಂಬ ಆತಂಕವು ಶ್ವೇತವರ್ಣೀಯರ ಕೇರಿಗಳಲ್ಲಿ ಹರಡಿದ್ದಿತು. ಬಹಿರಂಗ ಸಭೆಗಳಲ್ಲಿ ಎಣಿಕೆಯ ತೊಡಕುಗಳ ಮಾತು. ಬಾಯಿಂದ ಬಾಯಿಗೆ, ಹೆಸರು ಹೇಳದ ದೂರವಾಣಿಯ ಕರೆಗಳಲ್ಲಿ, ಕೃಷ್ಣವರ್ಣೀಯನು ಮೇಯರಾಗಬೇಕೆ ಎಂಬ ಪ್ರಶ್ನೆ. 1957ರ ಸೆಪ್ಟೆಂಬರ್ 30ರಂದು ಮತದಾನವು ನಡೆಯಿತು. ನೂರರಲ್ಲಿ ಸುಮಾರು 55 ಮತಗಳು ರದ್ದತಿಯ ಪರವಾಗಿ ಬಿದ್ದುವು. ಮೂವತ್ತೆರಡು ವರ್ಷಗಳ ಪ್ರಯೋಗವು ಒಂದು ದಿನದಲ್ಲಿ ಮುಗಿಯಿತು.

ಅದಕ್ಕೆ ಬದಲಾಗಿ ಬಂದುದು 'ಒಂಬತ್ತು ಗುರುತು'ಗಳ ಕ್ರಮ. ಇಡೀ ನಗರವೇ ಒಂದು ಕ್ಷೇತ್ರ. ಪ್ರತಿಯೊಬ್ಬ ಮತದಾರನೂ ಒಂಬತ್ತು ಮಂದಿಯವರೆಗೆ ಗುರುತು ಹಾಕಬಹುದು. ಅತಿ ಹೆಚ್ಚು ಪಡೆದ ಒಂಬತ್ತು ಮಂದಿ ಸದಸ್ಯರು. ನೋಡುವುದಕ್ಕೆ ಇದು ಅತ್ಯಂತ ಸರಳ, ಅತ್ಯಂತ ಸಮ. ಆದರೆ ನೂರರಲ್ಲಿ 55 ಮಂದಿ ಒಮ್ಮನಸ್ಸಿನಿಂದ ತಮ್ಮ ಒಂಬತ್ತು ಮಂದಿಗೂ ಗುರುತು ಹಾಕಿದರೆ ಉಳಿದ 45 ಮಂದಿಗೆ ಒಂದು ಸ್ಥಾನವೂ ದೊರೆಯದು. ಅದೇ ನವೆಂಬರಿನಲ್ಲಿ ಹೊಸ ಕ್ರಮದಂತೆ ನಡೆದ ಚುನಾವಣೆಯಲ್ಲಿ ಬೆರ್ರಿಯು ಸೋತನು. ಮನುಷ್ಯನು ಅವನೇ, ನಗರವು ಅದೇ, ಮತದಾರರೂ ಅವರೇ, ಬದಲಾದುದು ಎಣಿಕೆಯೊಂದೇ.

ಬೆರ್ರಿಯ ಕಥೆಯು ಅಲ್ಲಿಗೆ ಮುಗಿಯಲಿಲ್ಲ. 1963ರಲ್ಲಿ ಮತ್ತೆ ಸಭೆಗೆ ಬಂದನು. 1965ರಲ್ಲಿ ಅಧ್ಯಕ್ಷ ಜಾನ್ಸನ್ನನ ದಾರಿದ್ರ್ಯನಿವಾರಣೆಯ ಕಾರ್ಯದಲ್ಲಿ ಉನ್ನತ ಹುದ್ದೆಯನ್ನು ವಹಿಸಿದನು. ಕಡೆಗೆ 1972ರಲ್ಲಿ, ಯಾವುದನ್ನು ತಡೆಯುವುದಕ್ಕಾಗಿ ಊರಿನ ಸನ್ನದನ್ನೇ ತಿದ್ದಿದ್ದರೋ ಅದು ನಡೆಯಿತು: ಆತನು ಸಿನ್ಸಿನ್ನಾಟಿಯ ಮೊದಲ ಕೃಷ್ಣವರ್ಣೀಯ ಮೇಯರಾದನು. ಆಗ ಅವನಿಗೆ 67 ವರ್ಷ. ಹದಿನೈದು ವರ್ಷಗಳ ವಿಳಂಬವು ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಅಲ್ಪವಲ್ಲ. ಒಂದು ಜನಾಂಗದ ಸಹನೆಯಲ್ಲಿಯೂ ಅಲ್ಪವಲ್ಲ.

ಹಳೆಯ ಕ್ರಮವನ್ನು ಮರಳಿ ತರುವ ಯತ್ನಗಳು 1988ರಲ್ಲಿಯೂ 1991ರಲ್ಲಿಯೂ ಮತದಾನದಲ್ಲಿ ಸೋತುವು. ಒಂಬತ್ತು ಗುರುತಿನ ಕ್ರಮದಿಂದ ಅನ್ಯಾಯವಾಗುತ್ತಿದೆಯೆಂದು ಹೂಡಿದ ದಾವೆಯೂ 1994ರಲ್ಲಿ ಮೇಲ್ಮನವಿಯ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಕಾಲವು ಮಾತ್ರ ತನ್ನ ಕೆಲಸವನ್ನು ಮಾಡುತ್ತಲೇ ಇದ್ದಿತು. 1950ರಲ್ಲಿ 5 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯು 2020ರಲ್ಲಿ 3,09,317ಕ್ಕೆ ಇಳಿಯಿತು. ಗುಡ್ಡಗಳಲ್ಲಿದ್ದ ರಿಪಬ್ಲಿಕನ್ನರಲ್ಲಿ ಅನೇಕರು ನಗರದ ಎಲ್ಲೆಯನ್ನು ದಾಟಿ ಹೊರವಲಯಗಳಿಗೆ ಹೋದರು. 2001ರಿಂದ ಮೇಯರನ್ನು ಜನರೇ ನೇರವಾಗಿ ಆರಿಸತೊಡಗಿದರು. 2021ರಲ್ಲಿ ಹಾಗೆ ಆಯ್ಕೆಯಾದ ಆಫ್ತಾಬ್ ಪುರೇವಾಲರ ತಂದೆ ಪಂಜಾಬಿನವರು, ತಾಯಿ ಟಿಬೆಟ್ಟಿನಿಂದ ಬಾಲ್ಯದಲ್ಲಿ ಭಾರತಕ್ಕೆ ಆಶ್ರಯವನ್ನರಸಿ ಬಂದವರು. 2023ರ ಚುನಾವಣೆಯಲ್ಲಿ ಪೌರಸಭೆಯ ಒಂಬತ್ತು ಸ್ಥಾನಗಳೂ ಡೆಮಾಕ್ರಾಟರ ಪಾಲಾದುವು. ರಿಪಬ್ಲಿಕನ್ನರಿಗೆ ಒಂದೂ ಉಳಿಯಲಿಲ್ಲ. 1957ರಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ಕೆಡವಲು ದುಡಿದ ಪಕ್ಷವು ಅದೇ ಕ್ರಮವು ಉಳಿದಿದ್ದರೆ ತನ್ನ ಸಂಖ್ಯೆಗೆ ತಕ್ಕ ಒಂದೆರಡು ಪೀಠಗಳನ್ನಾದರೂ ಪಡೆಯುತ್ತಿದ್ದಿತು. ಪರರಿಗೆಂದು ತೋಡಿದ ಗುಂಡಿಯ ಗಾದೆಯನ್ನು ವಾಚಕರಿಗೆ ಜ್ಞಾಪಿಸಬೇಕಾಗಿಲ್ಲ.

ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರವು 1941ರ ಚುನಾವಣೆಯಿಂದ ಇದೇ ವರ್ಗಾವಣೀಯ ಮತದ ಕ್ರಮವನ್ನು ಬಿಡದೆ ನಡೆಸಿಕೊಂಡು ಬಂದಿದೆ. ಆರೆಗಾನಿನ ಪೋರ್ಟ್‌ಲೆಂಡ್ ನಗರವು 2022ರಲ್ಲಿ ಅದನ್ನು ಅಂಗೀಕರಿಸಿ, 2024ರಲ್ಲಿ ನಾಲ್ಕು ವಿಭಾಗಗಳಿಂದ ಮೂವರಂತೆ 12 ಮಂದಿಯನ್ನು ಆರಿಸಿತು. ಆದುದರಿಂದ ಸಿನ್ಸಿನ್ನಾಟಿಯಲ್ಲಿ ಆರಿದ ದೀಪವು ಬೇರೆಡೆಯಲ್ಲಿ ಉರಿಯುತ್ತಿಲ್ಲವೆಂದಲ್ಲ.

ಮತವನ್ನು ಹಾಕುವ ಹಕ್ಕು ದೊರೆತರೆ ಪ್ರಜಾಪ್ರಭುತ್ವವು ಪೂರ್ಣವಾಯಿತೆಂದು ತಿಳಿಯುವವರು ಬಹು ಮಂದಿ. ಹಾಕಿದ ಮತವನ್ನು ಹೇಗೆ ಎಣಿಸುವರೆಂಬುದು ಗುಮಾಸ್ತರ ಕೆಲಸವೆಂದು ಅವರು ಭಾವಿಸುವರು. ಧಾನ್ಯವು ಎಷ್ಟೇ ಇರಲಿ, ಅಳೆಯುವ ಬಳ್ಳವು ಯಾರ ಕೈಯಲ್ಲಿದೆಯೆಂಬುದನ್ನು ರೈತನು ಮರೆಯುವುದಿಲ್ಲ. ಬಳ್ಳವನ್ನು ತನಗೆ ಬೇಕಾದಂತೆ ಮಾಡಿಸಿಕೊಂಡವನು ಇಂದು ಅಳೆಯುವವನಾಗಿರಬಹುದು. ನಾಳೆ ಅದೇ ಬಳ್ಳದಿಂದ ಅಳೆಯಿಸಿಕೊಳ್ಳುವ ಸರದಿಯು ಅವನಿಗೂ ಬರುವುದು. ಗೆಲ್ಲುವಾಗ ನ್ಯಾಯವೆನಿಸಿದ ಕ್ರಮವು ಸೋಲುವಾಗಲೂ ನ್ಯಾಯವೆನಿಸುವುದೇ ಎಂದು ಮೊದಲೇ ಕೇಳಿಕೊಳ್ಳುವುದೇ ಪೌರಧರ್ಮದ ಸಾರ. ಸಿನ್ಸಿನ್ನಾಟಿಯು ಆ ಪ್ರಶ್ನೆಯನ್ನು 1924ರಲ್ಲಿ ಕೇಳಿಕೊಂಡಿತು, 1957ರಲ್ಲಿ ಮರೆಯಿತು.